ಅಪ್ಪ ತಿಂದ ಹುಳಿ ದ್ರಾಕ್ಷಿ, ಮಗನ ಹಲ್ಲು

ಹಿಂದಿನ ಬೆಂಚು · ಭಾನುವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಕಳೆದ ವಾರ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಸಭಾಪಾಲಕರು ಊರಿನಲ್ಲಿರಲಿಲ್ಲವಾದ್ದರಿಂದ ಹೊರಗಿನ ಒಬ್ಬ ಪ್ರಸಂಗಿಯನ್ನು ಕರೆಸಿದ್ದೆವು. ತಂಗಿಯ ಮದುವೆ ಮೂರು ಸಲ ಮಾತುಕತೆಗೆ ಬಂದು ಮುರಿದದ್ದು, ತಮ್ಮ ತನ್ನ ಅಂಗಡಿಯ ಬಾಗಿಲು ಹಾಕಿದ್ದು, ಎಲ್ಲವನ್ನೂ ಅಮ್ಮ ಹೇಳಿಕೊಂಡರು. ಪ್ರಸಂಗಿಗಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತು, "ಈ ಮನೆಯ ಮೇಲೆ ಪೂರ್ವಿಕರ ಶಾಪ ಇದೆ" ಎಂದರು. ಚೀಲದಿಂದ ಗೆರೆ ಎಳೆದ ಒಂದು ಹಾಳೆ ತೆಗೆದರು. ಮುತ್ತಜ್ಜ, ಅಜ್ಜ, ಅಪ್ಪ ಎಂದು ಮೂರು ಕಲಂ. ಅವರವರ ಹೆಸರಿನ ಕೆಳಗೆ ಗೊತ್ತಿರುವ ಪಾಪಗಳನ್ನೆಲ್ಲ ಬರೆದಿಡಿ, ಮುಂದಿನ ಸಲ ಬಂದಾಗ ಒಂದೊಂದನ್ನೇ ಮುರಿಯುತ್ತೇನೆ ಎಂದು ಹೇಳಿ ಕಾಫಿ ಕುಡಿದು ಹೊರಟರು.

ಅಪ್ಪ ತೀರಿಕೊಂಡು ಎರಡು ವರ್ಷವೂ ಆಗಿಲ್ಲ. ಅಮ್ಮ ಪೆನ್ನು ಹಿಡಿದುಕೊಂಡು ಕುಳಿತೇ ಇದ್ದರು, ಮುಚ್ಚಳ ತೆಗೆಯಲಿಲ್ಲ. ಆಮೇಲೆ ಹಾಳೆಯನ್ನು ಮಡಿಸಿ ಬೈಬಲಿನೊಳಗೆ ಇಟ್ಟು ಅಡುಗೆಮನೆಗೆ ಹೋದರು.

ಅಪ್ಪನ ಪಾಪಕ್ಕೆ ಮಕ್ಕಳು ಉತ್ತರ ಕೊಡಬೇಕೆ? ಬೈಬಲು ಇದಕ್ಕೆ ನೇರವಾಗಿ ಏನು ಹೇಳುತ್ತದೆ?

ಜಾಗರಣೆ · ಭಾನುವಾರ, ರಾತ್ರಿ 10.15

ಕರ್ತನಿಗೆ ಸ್ತೋತ್ರ. ಸಹೋದರರೇ, ಪ್ರಸಂಗಿಗಳು ಹೇಳಿದ್ದು ಸರಿಯಾಗಿಯೇ ಇದೆ. ತಂದೆಗಳ ದೋಷವನ್ನು ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳವರೆಗೂ ಬರಮಾಡುವೆನು ಎಂದು ಹತ್ತು ಆಜ್ಞೆಗಳಲ್ಲೇ ಇದೆ, ವಿಮೋಚನಕಾಂಡ 20:5. ಯೆಹೋಶುವ 7ರಲ್ಲಿ ಆಕಾನನು ಕದ್ದ. ಸತ್ತವನು ಅವನೊಬ್ಬನೇ ಅಲ್ಲ, ಅವನ ಗಂಡುಮಕ್ಕಳು, ಹೆಣ್ಣುಮಕ್ಕಳು, ಎತ್ತು, ಕತ್ತೆ ಎಲ್ಲವೂ ಆಕೋರ್ ತಗ್ಗಿನಲ್ಲಿ ಕಲ್ಲಿನ ರಾಶಿಯ ಅಡಿ ಸೇರಿದವು. ಹಾಳೆ ತುಂಬಿಸಿ ಕೊಡಿ. ಬಿಡುಗಡೆ ಇದೆ.

ನಿವೃತ್ತ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6.20

ಹಾಳೆ ತುಂಬಿಸಬೇಡಿ. ಯೆಹೆಜ್ಕೇಲ 18ನ್ನು ಓದಿ, ಅಮ್ಮನಿಗೂ ಓದಿ ಹೇಳಿ. ಇಡೀ ಅಧ್ಯಾಯ ನಿಮ್ಮ ಪ್ರಶ್ನೆಗೇ ಮೀಸಲಾಗಿದೆ.

ಹಿನ್ನೆಲೆ ಹೇಳದೆ ಪಾಠ ಮಾಡಿ ನನಗೆ ಅಭ್ಯಾಸವಿಲ್ಲ, ಸಹಿಸಿಕೊಳ್ಳಿ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಗಣ್ಯರನ್ನೂ ಕಮ್ಮಾರರನ್ನೂ ಸೆರೆಯೊಯ್ದ. ಪ್ರವಾದಿ ಯೆಹೆಜ್ಕೇಲ ಅವರ ನಡುವೆ, ಕೆಬಾರ್ ನದಿಯ ದಂಡೆಯಲ್ಲಿ ಬಾಳಿದವನು. ಊರು ಕಳೆದುಕೊಂಡು ಕುಳಿತಿದ್ದ ಆ ಜನರ ಬಾಯಲ್ಲಿ ಒಂದು ಗಾದೆ ಓಡಾಡುತ್ತಿತ್ತು: ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು.

ಗಾದೆ ಹುಟ್ಟಿದ್ದಕ್ಕೆ ಕಾರಣವಿತ್ತು. ಮನಸ್ಸೆ ಎಂಬ ಅರಸ ಯೆರೂಸಲೇಮಿನಲ್ಲಿ 55 ವರ್ಷ ಆಳಿದ. ದೇವಾಲಯದೊಳಗೇ ವಿಗ್ರಹ ನಿಲ್ಲಿಸಿದ, ನಿರಪರಾಧಿಗಳ ರಕ್ತದಿಂದ ಊರು ತುಂಬಿಸಿದ. ಯೆರೂಸಲೇಮು ರಾಜಧಾನಿಯಾಗಿದ್ದ ಯೆಹೂದ ರಾಜ್ಯ ಹಾಳಾದದ್ದು ಅವನ ಪಾಪದಿಂದಲೇ ಎಂದು 2 ಅರಸುಗಳು 24:3 ಬಿಚ್ಚಿ ಹೇಳುತ್ತದೆ. ಸೆರೆಗೆ ಹೋದವರಲ್ಲಿ ಬಹಳ ಜನ ಅವನ ಮುಖ ಕಂಡವರೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಅವರು ಗೊಣಗಿದರೆ ನಾನಂತೂ ಬೈಯಲಾರೆ.

ಆದರೆ ಯೆಹೆಜ್ಕೇಲ ಬೈದ. ಇನ್ನು ಮುಂದೆ ಈ ಗಾದೆ ನಿಮ್ಮ ಬಾಯಲ್ಲಿ ಬರಕೂಡದು, ಪಾಪ ಮಾಡುವವನೇ ಸಾಯುವನು ಎಂದ. ಮೂರು ತಲೆಮಾರನ್ನು ಸಾಲಾಗಿ ನಿಲ್ಲಿಸಿದ: ನೀತಿವಂತನಾದ ಒಬ್ಬ ಮನುಷ್ಯ, ಅವನ ದರೋಡೆಕೋರ ಮಗ, ಅಪ್ಪ ಮಾಡಿದ್ದನ್ನೆಲ್ಲ ಕಣ್ಣಾರೆ ಕಂಡೂ ಹಾಗೆ ಮಾಡದ ಮೊಮ್ಮಗ. ಅಜ್ಜನ ಪುಣ್ಯ ಮಗನನ್ನು ಉಳಿಸಲಿಲ್ಲ, ಮಗನ ಪಾಪ ಮೊಮ್ಮಗನನ್ನು ಮುಟ್ಟಲಿಲ್ಲ. ನಿಮಗೆ ಕೊಟ್ಟ ಹಾಳೆಯಲ್ಲೂ ಮೂರು ಕಲಂ ಇವೆಯಲ್ಲ, ಅದಕ್ಕೇ ಇದನ್ನು ಹೇಳಿದೆ. ಆ ನೀತಿವಂತನ ಗುಣಗಳ ಪಟ್ಟಿಯನ್ನೂ ನೋಡಿ: ಅಡವಿಟ್ಟದ್ದನ್ನು ಹಿಂದಿರುಗಿಸಿದ, ಬಡ್ಡಿಗೆ ಸಾಲ ಕೊಡಲಿಲ್ಲ, ಹಸಿದವನಿಗೆ ಅನ್ನ ಕೊಟ್ಟ. ಅರ್ಧಕ್ಕರ್ಧ ಕೊಡುಕೊಳ್ಳುವ ವ್ಯವಹಾರವೇ.

ಇದನ್ನು ಯೆಹೆಜ್ಕೇಲನೇ ಮೊದಲು ಹೇಳಿದ್ದೂ ಅಲ್ಲ. ಮಕ್ಕಳ ದೆಸೆಯಿಂದ ತಂದೆಗಾಗಲಿ, ತಂದೆಯ ದೆಸೆಯಿಂದ ಮಕ್ಕಳಿಗಾಗಲಿ ಮರಣಶಿಕ್ಷೆ ಕೂಡದು ಎಂದು ಧರ್ಮೋಪದೇಶಕಾಂಡ 24:16ರಲ್ಲಿದೆ. ಅರಸ ಅಮಚ್ಯನು ತನ್ನ ಅಪ್ಪನನ್ನು ಕೊಂದವರನ್ನು ಕೊಲ್ಲಿಸಿದರೂ ಅವರ ಮಕ್ಕಳನ್ನು ಇದೇ ಮಾತಿನ ಆಧಾರದ ಮೇಲೆ ಬಿಟ್ಟುಬಿಟ್ಟ. ಇದು ಎಷ್ಟು ದೊಡ್ಡ ಹೆಜ್ಜೆ ಎನ್ನುವುದಕ್ಕೆ ಬಾಬಿಲೋನಿನ ಹಮ್ಮುರಾಬಿಯ ಕಾನೂನನ್ನು ಪಕ್ಕಕ್ಕಿಟ್ಟು ನೋಡಬೇಕು. ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ, ಮನೆ ಕಟ್ಟಿದವನ ಮಗನನ್ನು ಕೊಲ್ಲಬೇಕು ಎನ್ನುತ್ತದೆ ಅದರ 230ನೆಯ ನಿಯಮ.

ದ್ರಾಕ್ಷಿ ತೋಟ · ಸೋಮವಾರ, ಮಧ್ಯಾಹ್ನ 1.05

ನಮ್ಮದು ವಿಜಯಪುರದ ಕಡೆ ದ್ರಾಕ್ಷಿ. ದೇವರ ವಿಷಯ ನನಗೆ ಅಷ್ಟು ತಿಳಿಯದು, ದ್ರಾಕ್ಷಿಯ ವಿಷಯ ಹೇಳುತ್ತೇನೆ. ಹುಳಿ ದ್ರಾಕ್ಷಿ ಎಂದು ಬೇರೆ ಜಾತಿ ಏನಲ್ಲ, ಹಣ್ಣಾಗುವ ಮೊದಲೇ ಕಿತ್ತರೆ ಎಲ್ಲ ದ್ರಾಕ್ಷಿಯೂ ಹುಳಿಯೇ. ಚಿಕ್ಕವರಿದ್ದಾಗ ಕಾಯಿಗೊಂಚಲಿಗೆ ಉಪ್ಪು ಹಚ್ಚಿಕೊಂಡು ತಿಂದು, ರಾತ್ರಿ ಊಟಕ್ಕೆ ಕುಳಿತರೆ ರೊಟ್ಟಿ ಅಗಿಯಲಿಕ್ಕೆ ಆಗುತ್ತಿರಲಿಲ್ಲ. ಹಲ್ಲು ತನ್ನದಲ್ಲವೇನೋ ಅನ್ನಿಸುತ್ತಿತ್ತು.

ನಿವೃತ್ತ ಮೇಷ್ಟ್ರು · ಸೋಮವಾರ, ಮಧ್ಯಾಹ್ನ 1.40

ತೋಟದವರೇ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಹೀಬ್ರೂವಿನ 'ಬೋಸೆರ್' ಎಂದರೆ ಬಲಿಯದ ಕಾಯಿಯೇ. ಹಲ್ಲು ಚಳಿತುಹೋಗುವುದಕ್ಕೆ ಅಲ್ಲಿರುವ ಕ್ರಿಯಾಪದ ಮೊಂಡಾಗು ಎಂಬರ್ಥದ್ದು. ಬೈಬಲಿನ 'ಪ್ರಸಂಗಿ' ಎಂಬ ಪುಸ್ತಕದ 10:10ರಲ್ಲಿ ಮೊಂಡಾದ ಕೊಡಲಿಗೂ ಅದೇ ಪದ. ಅಪ್ಪ ತಿಂದ, ಮಗ ಅನ್ನ ಅಗಿಯಲಾರ. ಗಾದೆ ಮಾಡಿದವನು ಕಸುಬುದಾರ. ಯೆಹೆಜ್ಕೇಲನಿಗೆ ಜನರ ಗಾದೆಗಳ ಮೇಲೆ ಒಂದು ಕಣ್ಣು ಇದ್ದೇ ಇತ್ತು. 'ತಾಯಿಯಂತೆ ಮಗಳು' ಎಂಬುದೂ ಅವನ 16ನೆಯ ಅಧ್ಯಾಯದಲ್ಲಿ ಬರುತ್ತದೆ. ನಮ್ಮದರಲ್ಲಿ ನೂಲು, ಸೀರೆ ಇದೆ, ಅಲ್ಲಿ ಇಲ್ಲ ಅಷ್ಟೆ.

ಅನುಮಾನಿ · ಸೋಮವಾರ, ಸಂಜೆ 7.30

ನಾನು ಕ್ರೈಸ್ತನಲ್ಲ, ಆದರೆ ಓದಿಕೊಂಡಿದ್ದೇನೆ. ಮೇಷ್ಟ್ರು ಸುಲಭದ ಅಧ್ಯಾಯವನ್ನು ಆರಿಸಿಕೊಂಡರು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದಾದರೆ 2 ಸಮುವೇಲ 21ಕ್ಕೆ ಏನು ಹೇಳುತ್ತೀರಿ?

ಮೂರು ವರ್ಷ ಬರ. ಕಾರಣ ಕೇಳಿದರೆ, ಹಿಂದಿನ ಅರಸ ಸೌಲನು ಗಿಬ್ಯೋನ್ಯರೆಂಬ ಜನರನ್ನು ಕೊಂದ ದೋಷ ಎಂಬ ಉತ್ತರ ಬಂತು. ಸೌಲ ಆಗಲೇ ಸತ್ತಿದ್ದ. ಹಾಗಾಗಿ ಅವನ ವಂಶದ ಏಳು ಜನರನ್ನು ಆಗಿನ ಅರಸ ದಾವೀದ ಗಿಬ್ಯೋನ್ಯರ ಕೈಗೆ ಒಪ್ಪಿಸಿದ, ಅವರು ಬೆಟ್ಟದ ಮೇಲೆ ನೇತುಹಾಕಿದರು. ಇಬ್ಬರು ರಿಚ್ಪ ಎಂಬವಳ ಮಕ್ಕಳು. ಆಕೆ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಜವೆಗೋದಿಯ ಕೊಯ್ಲು ಶುರುವಾದಾಗಿನಿಂದ ಮಳೆ ಬೀಳುವವರೆಗೂ ಕುಳಿತಳು. ಹಗಲು ಹದ್ದು ಓಡಿಸಿದಳು, ರಾತ್ರಿ ಕಾಡುಮೃಗ ಓಡಿಸಿದಳು. ಆ ಏಳು ಜನ ಯಾವ ದ್ರಾಕ್ಷಿ ತಿಂದಿದ್ದರು? ಇನ್ನು ಬತ್ಷೆಬೆಯನ್ನು ಕೂಡಿ ಅವಳ ಗಂಡ ಊರೀಯನನ್ನು ಕೊಲ್ಲಿಸಿದವನು ದಾವೀದ, ಸತ್ತದ್ದು ಅವಳಿಗೆ ಹುಟ್ಟಿದ ಅವನ ಹಸುಗೂಸು.

ನಿವೃತ್ತ ಮೇಷ್ಟ್ರು · ಸೋಮವಾರ, ರಾತ್ರಿ 8.50

ಹಸುಗೂಸಿನ ವಿಷಯಕ್ಕೆ ನನ್ನ ಬಳಿ ಉತ್ತರ ಇಲ್ಲ. ನನ್ನ ಮೊದಲ ಮಗು ಒಂಬತ್ತು ದಿನ ಬದುಕಿತ್ತು. ಆಗ ಒಬ್ಬರು ಆ ಅಧ್ಯಾಯವನ್ನೇ ಎತ್ತಿ ನನಗೆ ಹೇಳಿದರು, ಅವರ ಮನೆಯ ಮೆಟ್ಟಿಲನ್ನು ನಾನು ಮತ್ತೆ ತುಳಿಯಲಿಲ್ಲ. ಅಷ್ಟು ಸಾಕು.

ರಿಚ್ಪಳ ಕಥೆಯನ್ನು ಮಾತ್ರ ಕೊನೆಯವರೆಗೆ ಓದಿ. ಏಳು ಜನರನ್ನು ಕೊಂದ ಕೂಡಲೇ ದೇವರು ಒಲಿದರು ಎಂದು ಅಲ್ಲಿ ಬರೆದಿಲ್ಲ. ಆ ತಾಯಿ ಕುಳಿತ ಸುದ್ದಿ ದಾವೀದನ ಕಿವಿಗೆ ಬಿತ್ತು; ಅವನು ಆ ಏಳು ಜನರ ಎಲುಬುಗಳನ್ನು ಕೂಡಿಸಿದ, ಸೌಲನ ಮತ್ತು ಅವನ ಮಗ ಯೋನಾತಾನನ ಎಲುಬುಗಳನ್ನು ತರಿಸಿ ಮಣ್ಣು ಮಾಡಿಸಿದ. ಆಮೇಲೆ ದೇಶದ ಪ್ರಾರ್ಥನೆಗೆ ಉತ್ತರ ಸಿಕ್ಕಿತು ಎಂದಿದೆ. ಬರೆದವನು ಏಕೆ ಆ ಕ್ರಮದಲ್ಲಿ ಬರೆದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬೈಬಲು ಈ ವಿಷಯದಲ್ಲಿ ತನ್ನೊಂದಿಗೇ ಜಗಳವಾಡುತ್ತದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ತಂದೆಗಳು ಪಾಪ ಮಾಡಿ ಹೋದರು, ಅವರ ದೋಷವನ್ನು ನಾವು ಹೊತ್ತಿದ್ದೇವೆ ಎಂದು ಪ್ರಲಾಪಗಳು 5:7 ಅಳುತ್ತದೆ. ಅದೇ ಕಾಲದಲ್ಲಿ ಯೆಹೆಜ್ಕೇಲ ಇಲ್ಲ ಎನ್ನುತ್ತಾನೆ. ಎರಡನ್ನೂ ಒಂದೇ ರಟ್ಟಿನೊಳಗೆ ಹೊಲಿದಿಟ್ಟರು, ಯಾರೂ ಒಂದನ್ನು ಹರಿದು ಎಸೆಯಲಿಲ್ಲ.

ಜಾಗರಣೆಯವರಿಗೂ ಒಂದು ಮಾತು. 20:5 ಅರ್ಧ ವಾಕ್ಯದಲ್ಲಿ ನಿಲ್ಲುವುದಿಲ್ಲ, 'ನನ್ನನ್ನು ದ್ವೇಷಿಸುವವರ' ಎಂಬ ಮಾತು ಅದರಲ್ಲೇ ಇದೆ. ಮೂರು ನಾಲ್ಕು ತಲೆ ಎಂದರೆ ಅವಿಭಕ್ತ ಕುಟುಂಬದ ಒಂದೇ ಮಾಡಿನ ಅಡಿ ಇರುವಷ್ಟು ಜನ. ಮುತ್ತಜ್ಜನ ಚಟ ಮರಿಮಗನಿಗೆ ಅಂಟುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಅಂಟುರೋಗ, ತೀರ್ಪು ಅಲ್ಲ. ಆಕಾನನ ಮನೆಯವರಿಗೆ ಕಳವು ಗೊತ್ತಿದ್ದಿರಬೇಕು, ಡೇರೆಯ ನೆಲದಲ್ಲೇ ಹೂತಿದ್ದನಲ್ಲ ಎಂದು ಕೆಲವು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ಪಠ್ಯ ಹಾಗೆಂದು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಮೋಶೆಯ ವಿರುದ್ಧ ದಂಗೆಯೆದ್ದು ನೆಲದಲ್ಲಿ ಹೂತುಹೋದ ಕೋರಹನ ಮಕ್ಕಳು ಸಾಯಲಿಲ್ಲ ಎಂದು ಬೈಬಲಿನ ಅರಣ್ಯಕಾಂಡ 26:11 ಹೇಳುತ್ತದೆ. 42ನೆಯ ಕೀರ್ತನೆಯ ತಲೆಬರಹ ನೋಡಿ, ಕೋರಹೀಯರದು. ಬಾಯಾರಿದ ಜಿಂಕೆಯ ಆ ಹಾಡನ್ನು ಹಾಡಿದ್ದು ಅವನ ವಂಶ.

ಜಾಗರಣೆ · ಸೋಮವಾರ, ರಾತ್ರಿ 9.05

ಹಾಗಾದರೆ ಆದಾಮನ ಪಾಪ ನಮಗೆ ಬಂದಿಲ್ಲವೇ? ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯ ಹರಿದು ಹಾಕೋಣವೇ?

ಕರಾವಳಿಯವಳು · ಸೋಮವಾರ, ರಾತ್ರಿ 10.30

ಹರಿಯುವುದು ಬೇಡ. ನಾವು ಕಥೋಲಿಕರು, ಜನ್ಮಪಾಪವನ್ನು ನಂಬುವವರು. ಆದರೂ ನಮ್ಮ ಸಭೆಯ ನಂಬಿಕೆಗಳನ್ನು ವಿವರಿಸುವ 1992ರ ಧರ್ಮೋಪದೇಶ ಗ್ರಂಥ ಅದನ್ನು ನಾವು ಮಾಡಿದ ಪಾಪ ಎನ್ನುವುದಿಲ್ಲ, ನಮಗೆ ತಗುಲಿದ ಸ್ಥಿತಿ ಎನ್ನುತ್ತದೆ. ಆದಾಮನ ಸಂತಾನದ ಯಾರಲ್ಲೂ ಅದು ವೈಯಕ್ತಿಕ ಅಪರಾಧವಲ್ಲ ಎಂದೂ ಸೇರಿಸುತ್ತದೆ. ಪಾಪನಿವೇದನೆಗೆ ಹೋದಾಗ 'ನಾನು ಹಣ್ಣು ತಿಂದೆ' ಎಂದು ಯಾರೂ ಹೇಳುವುದಿಲ್ಲವಲ್ಲ. ಪೂಜೆಯ ಮೊದಲಿಗೆ ಎದೆ ತಟ್ಟಿಕೊಳ್ಳುವುದೂ ನಮ್ಮ ನಮ್ಮ ಎದೆಯನ್ನೇ.

ಆ ಕಥೆಯಲ್ಲಿ ನನಗೆ ಯಾವಾಗಲೂ ಕಾಣುವುದು ಬೇರೆ. ತಿಂದೆಯಾ ಎಂದು ಕೇಳಿದರೆ ಆದಾಮ, ನೀನು ಕೊಟ್ಟ ಹೆಂಗಸು ಕೊಟ್ಟಳು ಎಂದ. ಹೆಂಗಸು, ಹಾವು ಹೇಳಿತು ಎಂದಳು. ಅಪ್ಪ ಅಮ್ಮ ಇಲ್ಲದ ಇಬ್ಬರಿಗೂ ಬೊಟ್ಟು ಮಾಡಲು ಯಾರೋ ಸಿಕ್ಕಿಯೇ ಸಿಕ್ಕರು!

ಹಿಂದಿನ ಬೆಂಚಿನ ಅಣ್ಣ, ನಿಮ್ಮ ಅಮ್ಮ ಪೆನ್ನಿನ ಮುಚ್ಚಳ ತೆಗೆಯದೆ ಕುಳಿತದ್ದನ್ನು ಓದಿ 'ಅಯ್ಯೋ ಪಾಪ' ಎಂದೆ. ಕನ್ನಡದಲ್ಲಿ ತಪ್ಪಿಗೂ ಅದೇ ಮಾತು, ಮರುಕಕ್ಕೂ ಅದೇ ಮಾತು. ಆದರೆ ಒಂದು ಕೇಳಲೇ? ಬರೆಯಲು ಏನೂ ಇಲ್ಲದವರು ಹಾಳೆಯನ್ನು ಅಲ್ಲೇ ಹಿಂದಿರುಗಿಸುತ್ತಾರೆ. ಮೂರನೆಯ ಕಲಂನಲ್ಲಿ ಬರೆಯುವಂಥದ್ದು ಏನಾದರೂ ಇತ್ತೇ? ಇಷ್ಟವಿದ್ದರೆ ಹೇಳಿ, ಇಲ್ಲವಾದರೆ ಬಿಡಿ.

ಹಿಂದಿನ ಬೆಂಚು · ಮಂಗಳವಾರ, ರಾತ್ರಿ 11.40

ನಿನ್ನೆಯಿಂದ ನಾಲ್ಕು ಸಲ ಬರೆದು ಅಳಿಸಿದೆ.

ಇತ್ತು. ಅಪ್ಪನ ಟ್ರಂಕಿನಲ್ಲಿ ಪಾಲುಪಟ್ಟಿಯ ಜೊತೆ ಅವರದೇ ಕೈಬರಹದ ಒಂದು ನಕ್ಷೆ ಸಿಕ್ಕಿತು. ನಮ್ಮದು ಮಲೆನಾಡಿನ ಅಡಿಕೆ ತೋಟ. ಅಜ್ಜನ ನಂತರ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದದ್ದು. ನಕ್ಷೆಯಲ್ಲಿ ಬಾಂದುಕಲ್ಲು ಈಗ ಇರುವ ಜಾಗವಲ್ಲದೆ ಇನ್ನೊಂದು ಜಾಗಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಎಂಟೊಂಬತ್ತು ಅಡಿ ವ್ಯತ್ಯಾಸ. ಪಕ್ಕದಲ್ಲಿ ಇಸವಿ ಬರೆದಿತ್ತು, ಮತ್ತೇನೂ ಇಲ್ಲ. ಒಂದು ಗುಂಟೆ ಜಾಗ, ಅಜ್ಜ ನೆಟ್ಟ ಒಂದು ಸಾಲು, 12 ಮರ. ಒಂಬತ್ತು ವರ್ಷದಿಂದ ಆ ಸಾಲಿನ ಕೊಯ್ಲು ನಮ್ಮ ಅಂಗಳಕ್ಕೆ ಬರುತ್ತಿದೆ.

ಕೊನೆಯ ಕೆಲವು ವರ್ಷ ಅಪ್ಪ ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಮುಂದೆ ಹೋಗುತ್ತಿರಲಿಲ್ಲ. ಮಂಡಿನೋವು, ಮೊಣಕಾಲೂರಲು ಆಗುವುದಿಲ್ಲ ಎನ್ನುತ್ತಿದ್ದರು. ಆದರೆ ತೋಟದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗಂಟೆಗಟ್ಟಲೆ ಅಡಿಕೆ ಹೆಕ್ಕುತ್ತಿದ್ದರು.

ಜಾಗರಣೆ · ಬುಧವಾರ, ಬೆಳಿಗ್ಗೆ 5.30

ನೋಡಿದಿರಾ? ನೆರೆಯವನ ಗಡಿಕಲ್ಲನ್ನು ಸರಿಸಿದವನು ಶಾಪಗ್ರಸ್ತನು, ಧರ್ಮೋಪದೇಶಕಾಂಡ 27:17. ನಾನು ಮೊದಲೇ ಹೇಳಿದೆ. ಪ್ರಸಂಗಿಗಳಿಗೆ ಆತ್ಮನ ಪ್ರಕಟಣೆಯಾಗಿತ್ತು.

ಅನುಮಾನಿ · ಬುಧವಾರ, ಬೆಳಿಗ್ಗೆ 9.15

ಯಾರ ಮನೆಯ ಟ್ರಂಕು ತೆಗೆದರೂ ಇಂಥದ್ದೊಂದು ಸಿಗುತ್ತದೆ ಎಂದು ತಿಳಿಯಲು ಪ್ರಕಟಣೆ ಬೇಕಿಲ್ಲ. ಕರ್ನಾಟಕದ ಯಾವುದಾದರೂ ತಾಲ್ಲೂಕು ಕಚೇರಿಯ ಮುಂದೆ ಅರ್ಧ ದಿನ ನಿಂತರೆ ಸಾಕು.

ನಿರ್ವಾಹಕರು · ಬುಧವಾರ, ಬೆಳಿಗ್ಗೆ 11.00

ಇದರ ನಂತರ ಬಂದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಒಬ್ಬರ ಮನೆಯ ದುಃಖದ ಮೇಲೆ ನಿಂತು ಇನ್ನೊಬ್ಬರನ್ನು ಹೀಯಾಳಿಸಬೇಡಿ.

ಕರಾವಳಿಯವಳು · ಬುಧವಾರ, ಮಧ್ಯಾಹ್ನ 3.20

ಜಾಗರಣೆಯ ಸಹೋದರರೇ, ವಚನ ನಿಮ್ಮದು ಸರಿ. ಶಾಪ ಯಾರ ಮೇಲೆ ಎಂದು ಅದರಲ್ಲೇ ಇದೆ: ಸರಿಸಿದವನ ಮೇಲೆ. ಅವನ ಮಗಳ ಮದುವೆಯ ಮೇಲೆ ಅಲ್ಲ. ಹುಟ್ಟು ಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಅಪ್ಪ ಅಮ್ಮನೋ ಎಂದು ಕೇಳಿದಾಗ ಯೇಸು ಎರಡೂ ಅಲ್ಲ ಎಂದರು. ಸಿಲೊವಾದ ಬುರುಜು ಬಿದ್ದು ಸತ್ತ 18 ಜನರ ವಿಷಯದಲ್ಲೂ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೆಂದು ನೆನಸಬೇಡಿ ಎಂದೇ ಹೇಳಿದರು. ಮದುವೆ ಮುರಿದದ್ದಕ್ಕೂ ಬಾಂದುಕಲ್ಲಿಗೂ ಗಂಟು ಹಾಕಬೇಡಿ, ಅಣ್ಣ. ಹಾಕಿದರೆ, ಕಲ್ಲು ಸರಿಪಡಿಸಿದ ಮೇಲೂ ಮದುವೆ ಆಗದಿದ್ದರೆ ಮತ್ತೊಂದು ಟ್ರಂಕು ಹುಡುಕುತ್ತೀರಿ.

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಕಲ್ಲು ಸರಿಸಿದ್ದು ಅಪ್ಪ. ಅದಕ್ಕೆ ನೀವು ಹೊಣೆಯಲ್ಲ. ನಕ್ಷೆ ನೋಡಿದ ದಿನದಿಂದ ಆ 12 ಮರದ ಅಡಿಕೆ ತಿನ್ನುತ್ತಿರುವವರು ನೀವು. ಇದು ಹಳೆಯ ದ್ರಾಕ್ಷಿ ಅಲ್ಲ. ಮೂರು ಕಲಂನ ಹಾಳೆಯಲ್ಲಿ ನಿಮ್ಮ ಹೆಸರಿಗೆ ಜಾಗವೇ ಇರಲಿಲ್ಲ, ಗಮನಿಸಿದಿರಾ? ಯಾರಿಗಾದರೂ ಇಷ್ಟವಾಗುವ ಹಾಳೆ ಅದು. ಸತ್ತವರ ಪಾಪಗಳನ್ನು ಬರೆದು ಮುರಿಸಿದರೆ ಆಯಿತು, ಕಲ್ಲು ಅಲ್ಲೇ ಇರಬಹುದು.

ನಿವೃತ್ತ ಮೇಷ್ಟ್ರು · ಬುಧವಾರ, ಸಂಜೆ 6.10

ಈ ಮಗಳು ನನಗಿಂತ ಚೆನ್ನಾಗಿ ಪಾಠ ಮಾಡುತ್ತಾಳೆ. ಗಾದೆ ಹೇಳುತ್ತಿದ್ದವರ ಮೇಲೆ ಯೆಹೆಜ್ಕೇಲನಿಗೆ ಸಿಟ್ಟು ಬಂದದ್ದು ಇದಕ್ಕೇ ಇರಬೇಕು. ಅಪ್ಪಂದಿರ ಮೇಲೆ ಹಾಕಿದರೆ ತಾವು ತಿರುಗಿಕೊಳ್ಳಬೇಕಾದ ಕೆಲಸವಿಲ್ಲ. ಅವನು ಹೊರೆ ಇಳಿಸಿದಾಗ ಜನ ಕುಣಿಯಲಿಲ್ಲ, ಕರ್ತನ ಕ್ರಮ ಸರಿಯಲ್ಲ ಎಂದು ತಿರುಗಿ ಬಿದ್ದರು. 25ನೆಯ ವಚನ.

ಮಾಡಬೇಕಾದ್ದೇನು ಎಂದು ಕೇಳಿದರೆ ಅರಣ್ಯಕಾಂಡ 5:7ರಲ್ಲಿ ಲೆಕ್ಕವೇ ಇದೆ: ಒಪ್ಪಿಕೊಳ್ಳಬೇಕು, ಮೂಲವನ್ನು ಹಿಂದಿರುಗಿಸಬೇಕು, ಅದರ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಯೇಸುವನ್ನು ಮನೆಗೆ ಕರೆದ ಸುಂಕದವ ಜಕ್ಕಾಯ, ಮೋಸದಿಂದ ಪಡೆದದ್ದಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದ, ಅವನಿಗೆ ಉತ್ಸಾಹ ಹೆಚ್ಚು. ಗಲಾತ್ಯ 6ರಲ್ಲಿ ಪೌಲ, ಒಬ್ಬರ ಭಾರವನ್ನು ಒಬ್ಬರು ಹೊರಿರಿ ಎಂದು ಎರಡನೆಯ ವಚನದಲ್ಲಿ ಹೇಳಿ, ಐದನೆಯದರಲ್ಲಿ ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಎನ್ನುತ್ತಾನೆ. ಗ್ರೀಕಿನಲ್ಲಿ ಎರಡೂ ಬೇರೆ ಪದ. ಮೊದಲನೆಯದು ಬೆನ್ನು ಮುರಿಯುವ ಭಾರ, ಎರಡನೆಯದು ಪ್ರಯಾಣಕ್ಕೆ ಹೊರಟವನ ಗಂಟು. ಗಂಟು ನಿಮ್ಮದೇ. ಭಾರಕ್ಕೆ ನಾವಿದ್ದೇವೆ.

ದ್ರಾಕ್ಷಿ ತೋಟ · ಬುಧವಾರ, ರಾತ್ರಿ 9.00

ಬಾಯಿಮಾತಿನಲ್ಲಿ ಮುಗಿಸಬೇಡಿ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದು ಕಲ್ಲು ನೆಡಲಿ. ಪೆನ್ಸಿಲಿನ ನಕ್ಷೆ ನಂಬಿ ನೀವೇ ಕಿತ್ತು ನೆಟ್ಟರೆ ನಾಳೆ ಮಕ್ಕಳ ಕಾಲಕ್ಕೆ ಮತ್ತೆ ಅದೇ ಜಗಳ. ಚಿಕ್ಕಪ್ಪನ ಮನೆಗೆ ಮೊದಲು ಒಬ್ಬರೇ ಹೋಗಿ, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಬೇಡಿ.

ಜಾಗರಣೆ · ಬುಧವಾರ, ರಾತ್ರಿ 10.20

ಹಿಂದಿರುಗಿಸಬೇಕು ಎನ್ನುವುದನ್ನು ನಾನು ಅಲ್ಲಗಳೆದಿಲ್ಲ. ಶಾಪ ಇಲ್ಲ ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ನೆಹೆಮೀಯನೂ ದಾನಿಯೇಲನೂ ಪಿತೃಗಳ ಪಾಪವನ್ನು ಅರಿಕೆ ಮಾಡಿದರು. ಸಹೋದರರಿಗಾಗಿ ಉಪವಾಸ ಮಾಡುತ್ತೇನೆ.

ಕರಾವಳಿಯವಳು · ಬುಧವಾರ, ರಾತ್ರಿ 10.45

ನೆಹೆಮೀಯ 'ನಾನೂ ನನ್ನ ತಂದೆಯ ಮನೆಯವರೂ' ಎಂದ. 'ನಾನೂ' ಮೊದಲು ಬಂತು. ಉಪವಾಸಕ್ಕೆ ವಂದನೆಗಳು, ಅಣ್ಣ, ವ್ಯಂಗ್ಯವಲ್ಲ.

ಹಿಂದಿನ ಬೆಂಚು · ಮುಂದಿನ ಭಾನುವಾರ, ರಾತ್ರಿ 9.30

ಶುಕ್ರವಾರ ಚಿಕ್ಕಪ್ಪನ ಮನೆಗೆ ಒಬ್ಬನೇ ಹೋದೆ. ನಕ್ಷೆಯನ್ನು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ. "ಗೊತ್ತಿತ್ತು. ಅಣ್ಣ ಒಂದು ದಿನ ತಾನೇ ಬಂದು ಹೇಳುತ್ತಾನೆ ಅಂದುಕೊಂಡಿದ್ದೆ" ಎಂದರು. ನಾನು ಕ್ಷಮೆ ಕೇಳಲು ಹೊರಟರೆ, "ಅವನ ಪರವಾಗಿ ನೀನು ಕೇಳಬೇಡ, ಅದು ಅವನ ಮತ್ತು ನನ್ನ ನಡುವಿನದು. ನಿನ್ನದು ಏನಿದೆಯೋ ಅದನ್ನು ಹೇಳು" ಎಂದರು. ನಾಲ್ಕು ತಿಂಗಳು ನಕ್ಷೆ ಇಟ್ಟುಕೊಂಡು ಸುಮ್ಮನಿದ್ದೆ ಎಂದು ಹೇಳಿದೆ. ಯೆಹೆಜ್ಕೇಲ 18ನ್ನು ಅವರು ಓದಿರಲಿಕ್ಕಿಲ್ಲ, ಅವರು ಚರ್ಚಿಗೆ ಬರುವುದನ್ನು ಬಿಟ್ಟು ಕಾಲವಾಯಿತು.

ತಮ್ಮನಿಗೆ ಇದು ಹಿಡಿಸಿಲ್ಲ. ಅಂಗಡಿಯ ಸಾಲ ತಲೆಯ ಮೇಲಿರುವಾಗ ಮರ ಬಿಟ್ಟುಕೊಡುವುದು ಯಾವ ಬುದ್ಧಿ ಎಂದು ಎರಡು ದಿನದಿಂದ ನನ್ನೊಂದಿಗೆ ಮಾತಿಲ್ಲ.

ಅಮ್ಮ ಬೈಬಲಿನಿಂದ ಆ ಹಾಳೆ ತೆಗೆದರು. ಹಿಂಬದಿ ಖಾಲಿ ಇತ್ತು, ಅಲ್ಲಿ ಲೆಕ್ಕ ಬರೆದರು: ವರ್ಷಕ್ಕೆ ಸುಮಾರು 20 ಕಿಲೋ ಒಣ ಅಡಿಕೆ, ಒಂಬತ್ತು ವರ್ಷಕ್ಕೆ 180, ಐದನೆಯ ಒಂದು ಪಾಲು 36, ಒಟ್ಟು 216 ಕಿಲೋ. ಚಿಕ್ಕಪ್ಪ ಇದನ್ನು ಒಪ್ಪುವುದಿಲ್ಲ ಎನ್ನುತ್ತಿದ್ದಾರೆ, ಅಮ್ಮ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಪ್ರಸಂಗಿಗಳಿಗೆ ಫೋನ್ ಮಾಡಿ ಬರುವುದು ಬೇಡ ಎಂದು ಹೇಳಿದ್ದೂ ಅಮ್ಮನೇ.

ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೇವೆ, ಅದರಲ್ಲಿ ಚಿಕ್ಕಪ್ಪನ ಸಹಿಯೂ ಇದೆ. ಸರ್ವೆಯವರು ಬರುವ ದಿನ ಎರಡೂ ಮನೆಗೆ ಸೇರಿಸಿ ಇಲ್ಲೇ ಅಕ್ಕಿ ಹಾಕುತ್ತೇನೆ ಎಂದು ಅಮ್ಮ ಹೇಳಿ ಕಳುಹಿಸಿದ್ದಾರೆ.